ಅಣುವಿನ ಪಕ್ಕದಲ್ಲಿ ಗ್ರಾಫ್ ಓಡಿಸಲು ಹಿಡಿದ ಏಳು ವಾರ

ನಲವತ್ತು ಸೆಕೆಂಡಿನ ಒಂದು ವಿಡಿಯೊ. ಎಡಗಡೆ ಪ್ರೋಟೀನ್ ಅಲುಗಾಡುತ್ತಿರುತ್ತದೆ, ಬಲಗಡೆ ಅದೇ ಹೊತ್ತಿನ ಗ್ರಾಫಿನ ಮೇಲೆ ಒಂದು ಕೆಂಪು ಗೆರೆ ಸರಿಯುತ್ತ ಹೋಗುತ್ತದೆ. ಇದನ್ನು ಸರಿಯಾಗಿ ಮಾಡಿ ಮುಗಿಸಲು ನನಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಏಳು ವಾರ ಬೇಕಾಯಿತು. ಕಳೆದ ಶುಕ್ರವಾರ ಮುಗಿಯಿತು. ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ನಾನು ತಡಕಾಡುತ್ತಿದ್ದಾಗ ಕನ್ನಡದಲ್ಲಿ ಇದರ ಬಗ್ಗೆ ನನಗೆ ಏನೂ ಸಿಕ್ಕಿರಲಿಲ್ಲ. ಮುಂದೆ ಈ ದಾರಿಯಲ್ಲಿ ಬರುವವರಿಗೆ ಒಂದೆರಡು ವಾರವಾದರೂ ಉಳಿಯಲಿ ಎಂಬ ಆಸೆ.

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಜೊತೆಗೆ ಪಿಎಚ್.ಡಿ. ಕೋಳಿಮೊಟ್ಟೆಯ ಬಿಳಿ ಭಾಗದಲ್ಲಿರುವ ಲೈಸೋಝೈಮ್ ಎಂಬ ಪ್ರೋಟೀನು, ಅದರ ಸಂದಿನಲ್ಲಿ (ಇದನ್ನೇ ಕಿಸೆ ಎನ್ನುತ್ತೇವೆ) ಕೂರುವ ಮೂರು ಉಂಗುರದ ಒಂದು ಸಕ್ಕರೆ ತುಂಡು, ಇವೆರಡರ ಒಡನಾಟ ನನ್ನ ವಿಷಯ. ಅಲೆಕ್ಸಾಂಡರ್ ಫ್ಲೆಮಿಂಗ್ ಲೈಸೋಝೈಮನ್ನು ಕಂಡುಹಿಡಿದು 1922ರಲ್ಲಿ ಪ್ರಕಟಿಸಿದ. 1965ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಫಿಲಿಪ್ಸ್ ತಂಡ ಅದರ ರಚನೆಯನ್ನು ಬಿಡಿಸಿತು. ಯಾವುದೇ ಕಿಣ್ವದ ರಚನೆ ಪೂರ್ತಿ ಕಣ್ಣಿಗೆ ಬಿದ್ದದ್ದು ಅದೇ ಮೊದಲು. 129 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನು, ಹಾಗಾಗಿ ಅದರ ಪರಮಾಣುಗಳು ಗಳಿಗೆ ಗಳಿಗೆಗೂ ಹೇಗೆ ಚಲಿಸುತ್ತವೆ ಎಂಬ ಲೆಕ್ಕವನ್ನು ಲ್ಯಾಪ್‌ಟಾಪಿನಲ್ಲೂ ಓಡಿಸಬಹುದು.

ಶುರುವಾದದ್ದು ಪ್ರಗತಿ ಪರಿಶೀಲನೆಯ ದಿನ. ನಾನು ಆರ್‌ಎಂಎಸ್‌ಡಿ ಗ್ರಾಫ್ ತೋರಿಸುತ್ತಿದ್ದೆ. ಸಕ್ಕರೆ ತನ್ನ ಮೊದಲ ಭಂಗಿಯಿಂದ ಎಷ್ಟು ದೂರ ಸರಿದಿದೆ ಎಂದು ಹೇಳುವ ಲೆಕ್ಕ ಅದು. ಗೆರೆ 47 ನ್ಯಾನೋಸೆಕೆಂಡಿನವರೆಗೆ ಸಮತಟ್ಟಾಗಿ ಬಂದು, ಅಲ್ಲಿ ಗೋಡೆಯ ಹಾಗೆ ನೆಟ್ಟಗೆ ಮೇಲೇರಿತ್ತು. "ಸಕ್ಕರೆ ಇಲ್ಲಿ ಕಿಸೆಯನ್ನು ಬಿಟ್ಟು ಹೊರಬಂದಿದೆ" ಎಂದು ವರದಿಯಲ್ಲಿ ಬರೆದಿದ್ದೆ. ಸಮಿತಿಯ ಹಿರಿಯರೊಬ್ಬರು ಶಾಂತವಾಗಿ ಕೇಳಿದರು: "ಗ್ರಾಫ್ ಜಿಗದಿದ್ದು ಕಾಣಾಕತ್ತೈತ್ರೀ. ಆ ಹೊತ್ತಿನ್ಯಾಗ ಅಣು ಏನ್ ಮಾಡಾಕತ್ತಿತ್ತು, ಅದನ್ನ ನೋಡೀರೇನು?"

ನೋಡಿರಲಿಲ್ಲ. ಅಣುವಿನ ಅನಿಮೇಶನ್ ನೋಡಿದ್ದೆ, ಗ್ರಾಫನ್ನೂ ನೋಡಿದ್ದೆ, ಆದರೆ ಎರಡನ್ನೂ ಒಟ್ಟಿಗೆ ಒಂದೇ ಗಳಿಗೆಗೆ ಕಟ್ಟಿ ನೋಡಿರಲಿಲ್ಲ. "ಎರಡೂ ಬಾಜೂಕ ಬಾಜೂಕ ಓಡೋ ಹಂಗ ಮಾಡ್ಕೊಂಡು ಬರ್ರಿ" ಅಂದರು. ಏಳು ವಾರದ ಅವಧಿ ಕೊಟ್ಟರು. ಅಂದು ಬಸ್ಸಿನಲ್ಲಿ ಊರಿಗೆ ಬರುವಾಗ ಕಿಟಕಿಯಾಚೆ ಏನಿತ್ತು ಎಂಬುದು ನನಗೆ ನೆನಪಿಲ್ಲ. ಆ 47 ಮಾತ್ರ ತಲೆಯಲ್ಲಿ ಕೂತಿತ್ತು.

ಮೊದಲ ವಾರ ಹೋದದ್ದು ಲೆಕ್ಕವನ್ನು ಹೊಸದಾಗಿ ಓಡಿಸುವುದರಲ್ಲಿ. ಹಳೆಯ ಓಟದಲ್ಲಿ ಫ್ರೇಮುಗಳನ್ನು ತೀರಾ ವಿರಳವಾಗಿ ಉಳಿಸಿದ್ದೆ, ಕಚ್ಚಾ ಕಡತವನ್ನೂ ಅಳಿಸಿದ್ದೆ. ಉಳಿದಿದ್ದ ಆರಂಭದ ಕಡತ ಇಟ್ಟುಕೊಂಡೇ ಮತ್ತೆ ಗ್ರೋಮ್ಯಾಕ್ಸ್ ಹಚ್ಚಿದೆ, ಇಂಥ ಲೆಕ್ಕ ಓಡಿಸುವ ತಂತ್ರಾಂಶ ಅದು. ಏಳು ನ್ಯಾನೋಮೀಟರ್ ಅಂಚಿನ ಘನ ಪೆಟ್ಟಿಗೆ, ನೀರೆಲ್ಲ ಸೇರಿ ಸುಮಾರು 33 ಸಾವಿರ ಪರಮಾಣು, ಒಂದೊಂದು ಹೆಜ್ಜೆಗೆ 2 ಫೆಮ್ಟೋಸೆಕೆಂಡ್. (ಸಾವಿರ ಫೆಮ್ಟೋ ಸೇರಿದರೆ ಒಂದು ಪಿಕೋ, ಸಾವಿರ ಪಿಕೋ ಸೇರಿದರೆ ಒಂದು ನ್ಯಾನೋ.) ನೂರು ನ್ಯಾನೋಸೆಕೆಂಡ್ ಮುಗಿಯಲು ಐದು ಕೋಟಿ ಹೆಜ್ಜೆ ಬೇಕು. 1977ರಲ್ಲಿ ಮೆಕ್ಯಾಮನ್, ಗೆಲಿನ್, ಕಾರ್ಪ್ಲಸ್ ಮೊತ್ತಮೊದಲು ಒಂದು ಪ್ರೋಟೀನನ್ನು ಹೀಗೆ ಓಡಿಸಿದಾಗ ಅವರಿಗೆ ಸಿಕ್ಕಿದ್ದು 9.2 ಪಿಕೋಸೆಕೆಂಡ್. ನನ್ನ ಅಡುಗೆಮನೆ ಪಕ್ಕದ ಮೇಜಿನ ಮೇಲಿನ ಲ್ಯಾಪ್‌ಟಾಪು ಅದರ ಹತ್ತು ಸಾವಿರ ಪಟ್ಟು ಓಡಬೇಕಿತ್ತು. ಇದನ್ನು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ಬಾಗಲಕೋಟೆಯ ಏಪ್ರಿಲ್ ಬಿಸಿಲು. ಮಧ್ಯಾಹ್ನ ಲ್ಯಾಪ್‌ಟಾಪು ಕಾದು ತಾನಾಗಿಯೇ ವೇಗ ಇಳಿಸುತ್ತಿತ್ತು. 1,150 ರೂಪಾಯಿಯ ಕೂಲಿಂಗ್ ಪ್ಯಾಡ್ ತಂದೆ. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ರಾತ್ರಿ. ಸಂಜೆ ಏಳಕ್ಕೆ ಹಚ್ಚಿ ಬೆಳಿಗ್ಗೆ ಹತ್ತಕ್ಕೆ ನಿಲ್ಲಿಸುತ್ತಿದ್ದೆ. ಮೂರನೇ ರಾತ್ರಿ ಅಡ್ಡಮಳೆ ಬಂತು, ಗಾಳಿಗೆ ಕರೆಂಟ್ ಹೋಯಿತು, ಬ್ಯಾಟರಿ ಖಾಲಿಯಾಗಿ ಲ್ಯಾಪ್‌ಟಾಪು ಆರಿತು. ಬೆಳಿಗ್ಗೆ ಎದ್ದು ನೋಡಿದಾಗ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಆದರೆ ಕಳೆದದ್ದು ಹದಿನೈದು ನಿಮಿಷದೊಳಗಿನ ಕೆಲಸ ಅಷ್ಟೇ. ನೀವು ಬೇರೆ ಹೇಳದಿದ್ದರೆ ಗ್ರೋಮ್ಯಾಕ್ಸ್ ಹದಿನೈದು ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್, ಅಂದರೆ ಅಲ್ಲಿಯವರೆಗಿನ ಸ್ಥಿತಿಯನ್ನು, ಬರೆದಿಡುತ್ತದೆ. ಸಿಪಿಐ ಎಂಬ ಆಯ್ಕೆ ಕೊಟ್ಟು ಅದೇ ಕಡತದಿಂದ ಮುಂದುವರಿಸಿದರೆ ಹಳೆಯ ಕಡತಕ್ಕೇ ಮುಂದಿನದು ಸೇರುತ್ತ ಹೋಗುತ್ತದೆ. ಇದು ಗೊತ್ತಿಲ್ಲದೆ ಮೊದಲಿಂದ ಓಡಿಸಿದವರನ್ನು ನಾನು ಬಲ್ಲೆ. ದಯವಿಟ್ಟು ಹಾಗೆ ಮಾಡಬೇಡಿ.

ಹತ್ತು ಪಿಕೋಸೆಕೆಂಡಿಗೊಂದು ಫ್ರೇಮ್ ಉಳಿಸಿದ್ದೆ. ಒಟ್ಟು 10,001. (ಶೂನ್ಯವೂ ಒಂದು ಫ್ರೇಮ್ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.)

ಎರಡನೇ ವಾರ ಸುಲಭದ ದಾರಿ ಹಿಡಿದೆ. ಅಣುವನ್ನು ತೋರಿಸಲು ವಿಎಂಡಿ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ತಂತ್ರಾಂಶ, ನೋಂದಣಿ ಮಾಡಿಕೊಂಡರೆ ಉಚಿತ. ಬಳಸಿದವರು 1996ರ ಅವರ ಪ್ರಬಂಧವನ್ನು ಉಲ್ಲೇಖಿಸಬೇಕು. ಗ್ರಾಫಿಗೆ ಪೈಥಾನಿನ ಮ್ಯಾಟ್‌ಪ್ಲಾಟ್‌ಲಿಬ್. ಎರಡು ಕಿಟಕಿ ಪಕ್ಕಪಕ್ಕ ತೆರೆದು, ಎರಡನ್ನೂ ಒಟ್ಟಿಗೆ ಓಡಲು ಬಿಟ್ಟು, ಪರದೆಯನ್ನು ರೆಕಾರ್ಡ್ ಮಾಡಿದೆ. ನೋಡಲು ಚೆನ್ನಾಗಿಯೇ ಇತ್ತು. ಆದರೆ ಎರಡನೇ ಸಲ ರೆಕಾರ್ಡ್ ಮಾಡಿದಾಗ ಗ್ರಾಫ್ ಮೂರು ಸೆಕೆಂಡ್ ಮೊದಲೇ ಮುಗಿಯಿತು, ಮೂರನೇ ಸಲ ಅಣು ಮೊದಲು ಮುಗಿಯಿತು. ವಿಎಂಡಿ ಆ ಹೊತ್ತಿಗೆ ಯಂತ್ರ ಎಷ್ಟು ತಾಳುತ್ತದೋ ಅಷ್ಟು ವೇಗದಲ್ಲಿ ಫ್ರೇಮ್ ತೋರಿಸುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ಗೆ ಅದರದೇ ಗಡಿಯಾರ. ಮೂರು ಸೆಕೆಂಡ್ ಎಂದರೆ ನನ್ನ ವಿಡಿಯೊದಲ್ಲಿ ಏಳೂವರೆ ನ್ಯಾನೋಸೆಕೆಂಡ್. ಗ್ರಾಫ್ ಜಿಗಿಯುವಾಗ ಅಣು ಬೇರೇನೋ ಮಾಡುತ್ತಿರುತ್ತಿತ್ತು.

ವಿಡಿಯೊ ಹೊಂದಿಸುವುದು ಹೇಗೆಂದು ಕೇಳಲು ನಮ್ಮ ಸೆಕ್ಟರಿನ ಫೋಟೊ ಸ್ಟುಡಿಯೊಕ್ಕೆ ಹೋದೆ. ಮದುವೆ ವಿಡಿಯೊ ಎಡಿಟ್ ಮಾಡುವ ಹುಡುಗ ತಾಳ್ಮೆಯಿಂದ ಪೂರ್ತಿ ನೋಡಿದ. ಲೈಸೋಝೈಮ್ ಏನೆಂದು ಅವನಿಗೆ ಗೊತ್ತಿರಲಿಲ್ಲ, ಆದರೆ ರೋಗ ಏನೆಂದು ಒಂದೇ ನಿಮಿಷದಲ್ಲಿ ತಿಳಿಯಿತು.

"ಅಕ್ಕಾರ, ಎರಡು ಕ್ಯಾಮೆರಾ ಇಟ್ಟು ಶೂಟ್ ಮಾಡುವಾಗ ನಾವು ಮೊದಲ ಒಂದ್ ಚಪ್ಪಾಳಿ ಹೊಡೀತೀವ್ರೀ. ಆಮ್ಯಾಲೆ ಆ ಚಪ್ಪಾಳಿ ಹಿಡಕೊಂಡು ಎರಡನ್ನೂ ಕೂಡಸ್ತೀವಿ. ನಿಮ್ಮದ್ರಾಗ ಚಪ್ಪಾಳಿ ಎಲ್ಲೈತ್ರೀ?"

ಈ ಏಳು ವಾರದಲ್ಲಿ ನನಗೆ ಸಿಕ್ಕ ಅತ್ಯುತ್ತಮ ಪ್ರಶ್ನೆ ಇದು. ಅವನು ದುಡ್ಡು ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ಕೆಲಸದ ರೀತಿಯೇ ಬದಲಾಯಿತು. ಓಡುತ್ತಿರುವುದನ್ನು ಹಿಡಿಯುವುದು ಬಿಟ್ಟೆ. ಪ್ರತಿ ಫ್ರೇಮಿಗೆ ಎಡದ ಚಿತ್ರ ಒಂದು, ಬಲದ ಚಿತ್ರ ಒಂದು, ಎರಡಕ್ಕೂ ಒಂದೇ ಕ್ರಮಸಂಖ್ಯೆಯ ಹೆಸರು. ಕೊನೆಗೆ ಎರಡನ್ನೂ ಅಂಟಿಸಿ ವಿಡಿಯೊ. ಹೀಗೆ ಮಾಡಿದರೆ ಗಡಿಯಾರದ ಹಂಗೇ ಇಲ್ಲ. ಹತ್ತಕ್ಕೊಂದು ಫ್ರೇಮ್ ಆರಿಸಿದರೆ 1,001 ಚಿತ್ರ, ಸೆಕೆಂಡಿಗೆ 25ರಂತೆ ನಲವತ್ತು ಸೆಕೆಂಡು. ಈ ಹತ್ತಕ್ಕೊಂದನ್ನು ಎಲ್ಲಿ ಆರಿಸುತ್ತೀರಿ ಎಂಬುದು ಮುಖ್ಯ. ವಿಎಂಡಿಯಲ್ಲೊಮ್ಮೆ, ಪೈಥಾನಿನಲ್ಲೊಮ್ಮೆ ಬೇರೆಬೇರೆಯಾಗಿ ಆರಿಸಬೇಡಿ. ಗ್ರೋಮ್ಯಾಕ್ಸ್‌ನಲ್ಲಿ ಓಟದ ಕಡತವನ್ನು ಮಾರ್ಪಡಿಸುವ ಟ್ರಜ್‌ಕಾನ್ವ್‌ನಲ್ಲೇ ಒಮ್ಮೆ ಆರಿಸಿ ಹೊಸ ಕಡತ ಮಾಡಿ, ಅದನ್ನೇ ಚಿತ್ರಕ್ಕೂ ಕೊಡಿ, ಆರ್‌ಎಂಎಸ್‌ಡಿ ಲೆಕ್ಕಕ್ಕೂ ಕೊಡಿ. ನೀರನ್ನೂ ಅಲ್ಲೇ ಕಳಚಿಬಿಡಿ. ಕಡತದ ಗಾತ್ರ ಹತ್ತನೇ ಒಂದಕ್ಕಿಂತ ಕಡಿಮೆಯಾಗುತ್ತದೆ.

ಇನ್ನು ಚಪ್ಪಾಳೆ. ಬರೀ ಫ್ರೇಮ್ ಸಂಖ್ಯೆಯನ್ನು ಎರಡೂ ಕಡೆ ಬರೆದರೆ ಸಾಲದು ಎಂದು ನನಗೆ ಅನ್ನಿಸಿತು. ಸಂಖ್ಯೆ ಹೊಂದಿದರೂ ಒಳಗಿನ ಭಂಗಿ ಬೇರೆ ಇರಬಹುದಲ್ಲ. ಹಾಗಾಗಿ ಒಂದು ಅಳತೆಯನ್ನು ಎರಡು ಕಡೆ ಸ್ವತಂತ್ರವಾಗಿ ಮಾಡಿಸಿದೆ. ಪ್ರೋಟೀನಿನ 62ನೇ ಸ್ಥಾನದಲ್ಲಿರುವ ಟ್ರಿಪ್ಟೋಫ್ಯಾನ್ ಎಂಬ ಅಮೈನೊ ಆಮ್ಲದ ಉಂಗುರಕ್ಕೂ ಸಕ್ಕರೆಯ ನಡುವಿನ ಉಂಗುರಕ್ಕೂ ಇರುವ ದೂರ. ಎಡಚಿತ್ರದ ಮೇಲೆ ವಿಎಂಡಿ ಅಳೆದದ್ದು, ಬಲಚಿತ್ರದ ಮೇಲೆ ಗ್ರೋಮ್ಯಾಕ್ಸ್ ಅಳೆದದ್ದು. ಪರೀಕ್ಷೆಗೆ ಐವತ್ತು ಫ್ರೇಮ್ ತೆಗೆದು ನೋಡಿದರೆ ಎಡಗಡೆ 5.1, ಬಲಗಡೆ 0.51. ಗಾಬರಿಯಾಗಬೇಡಿ, ವಿಎಂಡಿ ಲೆಕ್ಕ ಆಂಗ್‌ಸ್ಟ್ರಮ್‌ನಲ್ಲಿ, ಗ್ರೋಮ್ಯಾಕ್ಸ್ ಲೆಕ್ಕ ನ್ಯಾನೋಮೀಟರಿನಲ್ಲಿ. ಹತ್ತು ಆಂಗ್‌ಸ್ಟ್ರಮ್ ಒಂದು ನ್ಯಾನೋಮೀಟರ್, ಹಾಗಾಗಿ ಎಡಗಡೆಯದನ್ನು ಹತ್ತರಿಂದ ಭಾಗಿಸಿದೆ. ಆಮೇಲೂ ಎರಡನೇ ಚಿತ್ರದಿಂದ ಮುಂದೆ ಅಂಕಿಗಳು ಹೊಂದಲಿಲ್ಲ. ಎಡಗಡೆಯದು ಬಲಗಡೆಯದಕ್ಕಿಂತ ಒಂದು ಹೆಜ್ಜೆ ಹಿಂದೆ ಇತ್ತು. ಬಲಗಡೆ ಈಗ ಇರುವ ಅಂಕಿ ಎಡಗಡೆ ಮುಂದಿನ ಚಿತ್ರದಲ್ಲಿ ಬರುತ್ತಿತ್ತು.

ಎರಡು ದಿನ ಹುಡುಕಿದೆ. ಕಾರಣ ಇಷ್ಟೇ: ವಿಎಂಡಿಗೆ ಮೊದಲು ರಚನೆಯ ಕಡತ ಕೊಡುತ್ತೇವೆ, ಆಮೇಲೆ ಓಟದ ಕಡತ. ರಚನೆಯ ಕಡತದಲ್ಲಿರುವ ಭಂಗಿಯೇ ಶೂನ್ಯ ಸಂಖ್ಯೆಯ ಫ್ರೇಮ್ ಆಗಿ ಕೂತುಬಿಡುತ್ತದೆ, ಓಟದ ನಿಜವಾದ ಮೊದಲ ಫ್ರೇಮ್ ಒಂದನೆಯದಾಗುತ್ತದೆ. ಎರಡೂ ಒಂದೇ ಭಂಗಿಯಾದ್ದರಿಂದ ಕಣ್ಣಿಗೆ ಗೊತ್ತಾಗುವುದೇ ಇಲ್ಲ. ಒಟ್ಟು ಎಷ್ಟು ಫ್ರೇಮ್ ಇದೆ ಎಂದು ವಿಎಂಡಿಯನ್ನು ಕೇಳಿದರೆ 1,002 ಎನ್ನುತ್ತಿತ್ತು, ನನ್ನ ಅಂಕಿಗಳ ಸಾಲು 1,001. ಶೂನ್ಯದ ಫ್ರೇಮನ್ನು ಅಳಿಸಿದ ಮೇಲೆ ಎರಡೂ ಕಡೆಯ ಅಂಕಿ ದಶಾಂಶದ ಕೊನೆಯ ಸ್ಥಾನದವರೆಗೆ ಕೂಡಿಬಂದವು. ಒಂದು ಫ್ರೇಮಿನ ತಪ್ಪು ನಲವತ್ತು ಸೆಕೆಂಡಿನ ವಿಡಿಯೊದಲ್ಲಿ ಯಾರಿಗೂ ಕಾಣುವುದಿಲ್ಲ, ನಿಜ. ಆದರೆ ಅದು ನೂರು ಪಿಕೋಸೆಕೆಂಡ್, ಒಂದು ಉಂಗುರ ಮಗ್ಗುಲು ಬದಲಿಸಲು ಸಾಕಾಗುವಷ್ಟು ಕಾಲ. ಅದು ಇದೆ ಎಂದು ಗೊತ್ತಿದ್ದೂ ಬಿಡಲು ನನ್ನಿಂದ ಆಗಲಿಲ್ಲ.

ಈಗ 47ಕ್ಕೆ ಬರುತ್ತೇನೆ. ಹೊಸ ಓಟದಲ್ಲೂ ಒಂದು ಜಿಗಿತ ಬಂದಿತ್ತು, ಈ ಸಲ 38 ನ್ಯಾನೋಸೆಕೆಂಡಿನ ಹತ್ತಿರ. ಅಂಟಿಸಿದ ವಿಡಿಯೊವನ್ನು ಅಲ್ಲಿ ನಿಲ್ಲಿಸಿ ಒಂದೊಂದೇ ಫ್ರೇಮ್ ಮುಂದೆ ಹಾಕಿದೆ. ಗ್ರಾಫ್ ನೆಟ್ಟಗೆ ಏರಿತು. ಎಡಗಡೆ, ಕಿಸೆಯೊಳಗಿದ್ದ ಸಕ್ಕರೆ ಮುಂದಿನ ಫ್ರೇಮಿನಲ್ಲಿ ಪೆಟ್ಟಿಗೆಯ ಆಚೆ ಬದಿಗೆ ಇತ್ತು. ನಡುವೆ ಏನೂ ಇಲ್ಲ. ಹತ್ತು ಪಿಕೋಸೆಕೆಂಡಿನ ಮೂಲ ಕಡತವನ್ನು ತೆರೆದು ನೋಡಿದೆ, ಅಲ್ಲೂ ಹಾಗೆಯೇ. ಅಷ್ಟು ಹೊತ್ತಿನಲ್ಲಿ ಯಾವ ಸಕ್ಕರೆಯೂ ನೀರನ್ನು ಸೀಳಿಕೊಂಡು ಏಳು ನ್ಯಾನೋಮೀಟರ್ ಹೋಗಲಾರದು.

ಇದು ಪೆಟ್ಟಿಗೆಯ ಅಂಚಿನ ಆಟ. ನಾವು ಲೆಕ್ಕ ಹಾಕುವ ಪೆಟ್ಟಿಗೆಗೆ ಗೋಡೆ ಇರುವುದಿಲ್ಲ. ಬಲಗಡೆಯಿಂದ ಹೊರಹೋದದ್ದು ಎಡಗಡೆಯಿಂದ ಒಳಬರುತ್ತದೆ. ಪ್ರೋಟೀನು, ಸಕ್ಕರೆ ಎರಡೂ ಒಟ್ಟಿಗೇ ತೇಲುತ್ತ ಅಂಚಿಗೆ ಬಂದಿದ್ದವು. ಸಕ್ಕರೆ ಅಂಚು ದಾಟಿತು, ಕಡತ ಅದನ್ನು ಆಚೆ ಬದಿಯಲ್ಲಿ ಬರೆದುಕೊಂಡಿತು. ಭೌತವಾಗಿ ಅದು ಕಿಸೆಯಲ್ಲೇ ಇತ್ತು. ಜಿಗಿತದ ಎತ್ತರ ಹೆಚ್ಚುಕಡಿಮೆ ಪೆಟ್ಟಿಗೆಯ ಅಂಚಿನಷ್ಟೇ ಇದ್ದದ್ದೇ ಇದರ ಗುರುತು. ಹಳೆಯ ವರದಿ ತೆಗೆದು 47ರ ಜಿಗಿತವನ್ನು ಅಳೆದೆ. ಅದೂ ಏಳರ ಹತ್ತಿರ. ನಾನು ಬರೆದ ವಾಕ್ಯ ಪೂರ್ತಿ ತಪ್ಪಾಗಿತ್ತು.

ಆ ರಾತ್ರಿ ಅಳು ಬಂತು. ಅವ್ವ ಬಂದು ಪಕ್ಕದಲ್ಲಿ ಕೂತಳು. "ಹೊರಗ ಹೋಗಿತ್ತು ಅಂತ ಬರದಿದ್ದೆ, ಒಳಗ ಐತಿ" ಎಂದೆ. "ಒಳಗ ಇದ್ರ ಚಲೋ ಆತಲ್ಲವಾ, ಹಂಗಾರ ತಿದ್ದು" ಎಂದು ತಲೆ ಸವರಿದಳು.

ತಿದ್ದುವ ಕ್ರಮ ಹೀಗೆ. ಮೊದಲು ಟ್ರಜ್‌ಕಾನ್ವ್‌ನಲ್ಲಿ ಪ್ರೋಟೀನನ್ನು ನಡುವಿಗೆ ತಂದು, ಪೆಟ್ಟಿಗೆಯ ಅಂಚನ್ನು ನೋಡಿಕೊಳ್ಳುವ ಪಿಬಿಸಿ ಆಯ್ಕೆಗೆ ಮೋಲ್ ಎಂದು ಕೊಡಿ. ಸಕ್ಕರೆ ಪ್ರೋಟೀನಿನ ಪಕ್ಕಕ್ಕೆ ಬಂದು ಕೂರುತ್ತದೆ. ಆಮೇಲೆ ಬೇರೆಯದೇ ಓಟದಲ್ಲಿ ಫಿಟ್ ಆಯ್ಕೆಯಿಂದ ಪ್ರೋಟೀನಿನ ತಿರುಗಾಟವನ್ನು ತೆಗೆಯಿರಿ, ಇಲ್ಲದಿದ್ದರೆ ವಿಡಿಯೊದಲ್ಲಿ ಅದು ಉರುಳುತ್ತಲೇ ಇರುತ್ತದೆ. ಈ ಕ್ರಮವನ್ನು ತಿರುವುಮುರುವು ಮಾಡಬೇಡಿ. ಒಮ್ಮೆ ತಿರುಗಿಸಿದ ಮೇಲೆ ಪೆಟ್ಟಿಗೆಯ ಅಂಚುಗಳಿಗೂ ಪರಮಾಣುಗಳಿಗೂ ಸಂಬಂಧ ತಪ್ಪಿಹೋಗುತ್ತದೆ.

ಗ್ರಾಫಿನ ಕಡೆ ನಾನು ಕಲಿತದ್ದನ್ನು ಬೇಗ ಹೇಳಿಬಿಡುತ್ತೇನೆ. ಗ್ರೋಮ್ಯಾಕ್ಸ್ ಅಂಕಿಗಳನ್ನು ಬರೆದುಕೊಡುವ ಎಕ್ಸ್‌ವಿಜಿ ಕಡತದಲ್ಲಿ ಹ್ಯಾಶ್ ಮತ್ತು ಅಟ್ ಗುರುತಿನಿಂದ ಶುರುವಾಗುವ ಸಾಲುಗಳು ಅಂಕಿಗಳಲ್ಲ, ಓದುವಾಗ ಎರಡನ್ನೂ ಬಿಡಲು ಹೇಳಿ. ಇಡೀ ಗ್ರಾಫನ್ನು ಮೊದಲೇ ತಿಳಿ ಬೂದಿ ಬಣ್ಣದಲ್ಲಿ ಬಿಡಿಸಿಡಿ, ಮೇಲೆ ಇಲ್ಲಿಯವರೆಗಿನ ಭಾಗವನ್ನು ಗಾಢವಾಗಿ ತೋರಿಸಿ. ನೋಡುವವರಿಗೆ ಮುಂದೆ ಏನೋ ಬರಲಿದೆ ಎಂದು ಗೊತ್ತಿದ್ದರೆ ಅವರ ಕಣ್ಣು ಸರಿಯಾದ ಹೊತ್ತಿಗೆ ಅಣುವಿನ ಕಡೆ ಹೋಗುತ್ತದೆ. ಅಕ್ಷಗಳ ಮಿತಿಯನ್ನು ಮೊದಲೇ ಕಟ್ಟಿಹಾಕಿ, ಇಲ್ಲದಿದ್ದರೆ ಪ್ರತಿ ಚಿತ್ರದಲ್ಲೂ ಅಕ್ಷ ಕುಣಿಯುತ್ತದೆ. ಪ್ರತಿ ಫ್ರೇಮಿಗೂ ಹೊಸ ಚಿತ್ರ ತೆರೆದರೆ ಮೆಮೊರಿ ತುಂಬಿ ಯಂತ್ರ ನಿಲ್ಲುತ್ತದೆ. ಒಂದೇ ಚಿತ್ರ ಇಟ್ಟುಕೊಂಡು ಗೆರೆಯ ಅಂಕಿಗಳನ್ನಷ್ಟೇ ಬದಲಿಸಿ. ಉಳಿಸುವಾಗ ಅಂಚನ್ನು ಬಿಗಿಯಾಗಿ ಕತ್ತರಿಸುವ ಟೈಟ್ ಆಯ್ಕೆ ಬೇಡವೇ ಬೇಡ. ಚಿತ್ರಗಳ ಅಳತೆ ಒಂದಕ್ಕೊಂದು ಹೊಂದದೆ ಅಂಟಿಸುವಾಗ ತೊಂದರೆ ಕೊಡುತ್ತವೆ. ಎಡ 960 ಅಗಲ, ಬಲ 960 ಅಗಲ, ಎರಡೂ 1080 ಎತ್ತರ, ಇದು ನಾನು ಇಟ್ಟುಕೊಂಡ ಅಳತೆ.

ವಿಎಂಡಿಯಲ್ಲಿ ಚಲನೆಯನ್ನು ನಯ ಮಾಡುವ ಒಂದು ಸೌಲಭ್ಯವಿದೆ, ಅಕ್ಕಪಕ್ಕದ ಫ್ರೇಮುಗಳ ಸರಾಸರಿ ತೋರಿಸುತ್ತದೆ. ನೋಡಲು ಹಿತ. ಆದರೆ ಅದನ್ನು ಹಚ್ಚಿದರೆ ಎಡಗಡೆ ಕಾಣುವ ಭಂಗಿ ಬಲಗಡೆಯ ಅಂಕಿಯ ಭಂಗಿ ಆಗಿರುವುದಿಲ್ಲ. ನಾನು ಹಚ್ಚಲಿಲ್ಲ. ಅಣು ನಡುಗುತ್ತ ಕಂಡರೆ ಕಾಣಲಿ, ಅದು ನಿಜವಾಗಿಯೂ ನಡುಗುತ್ತದೆ.

ನಾಲ್ಕನೇ ವಾರ ಪೂರ್ತಿ ಕನ್ನಡ ಅಕ್ಷರಗಳಿಗೆ ಹೋಯಿತು. ನನ್ನ ಬಿ.ಎಸ್ಸಿ. ಮಕ್ಕಳಿಗೂ ಇದೇ ವಿಡಿಯೊ ತೋರಿಸಬೇಕೆಂದಿತ್ತು. ಅವರಲ್ಲಿ ಬಹಳ ಜನ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಅಕ್ಷದ ಮೇಲೆ "ಮೂಲ ಸ್ಥಾನದಿಂದ ಸರಿದ ದೂರ" ಎಂದು ಬರೆದರೆ ನನ್ನ ಮ್ಯಾಟ್‌ಪ್ಲಾಟ್‌ಲಿಬ್ ಒತ್ತಕ್ಷರವನ್ನು ಬಿಡಿಸಿ, ಗುಣಿತವನ್ನು ಬೇರೆ ಮಾಡಿ ಹರಡಿಬಿಡುತ್ತಿತ್ತು. ಫಾಂಟ್ ಬದಲಿಸಿದೆ, ನೋಟೊ ಸ್ಯಾನ್ಸ್ ಕನ್ನಡ ಹಾಕಿದೆ, ಚೌಕಗಳು ಹೋಗಿ ಅಕ್ಷರ ಬಂದವು, ಆದರೆ ಒತ್ತು ಕೂಡಲಿಲ್ಲ. ದೋಷ ಫಾಂಟಿನದಲ್ಲ. ನಾನು ಬಳಸಿದ ಆವೃತ್ತಿ ಅಕ್ಷರಗಳನ್ನು ಒಂದೊಂದಾಗಿ ಇಡುತ್ತದೆಯೇ ಹೊರತು ಕೂಡಿಸಿ ಬರೆಯುವುದಿಲ್ಲ. ಕೊನೆಗೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಪ್ರತಿ ಹೆಸರನ್ನೂ ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಚಿತ್ರವಾಗಿ ಮಾಡಿ ಗ್ರಾಫಿನ ಮೇಲೆ ಅಂಟಿಸಿದೆ. ಅಂಕಿಗಳನ್ನು ಮಾತ್ರ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಬಿಟ್ಟೆ. ಲೇಟೆಕ್ ಗೊತ್ತಿದ್ದವರಿಗೆ ಝಿಲೇಟೆಕ್ ಮೂಲಕವೂ ದಾರಿಯಿದೆ. "ಸ್ಥಾನ" ಎಂಬ ಎರಡಕ್ಷರ ಮೊದಲ ಸಲ ಸರಿಯಾಗಿ ಮೂಡಿದಾಗ ಆದ ಸಂತೋಷ ಫಲಿತಾಂಶ ಸಿಕ್ಕಾಗಲೂ ಆಗಿರಲಿಲ್ಲ.

ಚಿತ್ರ ತೆಗೆಯುವುದರಲ್ಲಿ ಎರಡು ತಪ್ಪು ಮಾಡಿದೆ. ಮೊದಲು ವಿಎಂಡಿಯ ಸ್ನ್ಯಾಪ್‌ಶಾಟ್ ವಿಧಾನ ಬಳಸಿದೆ. ಅದು ಪರದೆಯ ಮೇಲಿದ್ದದ್ದನ್ನೇ ಹಿಡಿಯುತ್ತದೆ, ಮಧ್ಯೆ ಬೇರೆ ಕಿಟಕಿ ಮೇಲೆ ಬಂದರೆ ಅದೂ ಚಿತ್ರದಲ್ಲಿ ಬರುತ್ತದೆ. ನನ್ನ ನೂರಾರು ಚಿತ್ರ ಹಾಗೆ ಹಾಳಾದವು. ಆಮೇಲೆ ಪರದೆಯ ಹಂಗಿಲ್ಲದೆ ಚಿತ್ರ ಬಿಡಿಸುವ ಟ್ಯಾಕಿಯಾನ್ ಬಳಸಿದೆ, ಆದರೆ ಆಸೆಪಟ್ಟು ನೆರಳಿನ ಎಲ್ಲ ಸೊಗಸನ್ನೂ ಹಾಕಿದೆ. ಚಿತ್ರಕ್ಕೆ ನಲವತ್ತು ಸೆಕೆಂಡ್, ಒಟ್ಟು ಹನ್ನೊಂದು ಗಂಟೆ. ಅರ್ಧದಲ್ಲಿ ಕರೆಂಟ್ ಹೋಯಿತು. ಸೊಗಸು ತೆಗೆದ ಮೇಲೆ ಚಿತ್ರಕ್ಕೆ ಐದು ಸೆಕೆಂಡ್, ಒಂದೂವರೆ ಗಂಟೆಯೊಳಗೆ ಮುಗಿಯಿತು. ಈಗಾಗಲೇ ಇರುವ ಚಿತ್ರವನ್ನು ಬಿಟ್ಟು ಮುಂದೆ ಹೋಗು ಎಂಬ ಒಂದು ಸಾಲನ್ನು ಸ್ಕ್ರಿಪ್ಟಿನಲ್ಲಿ ಸೇರಿಸಿಕೊಳ್ಳಿ. ಚಿತ್ರಗಳಿಗೆ ಜಾಗ ಸಾಲದೆ 4,800 ರೂಪಾಯಿ ಕೊಟ್ಟು ಹಾರ್ಡ್ ಡಿಸ್ಕ್ ತಂದೆ. ಕೂಲಿಂಗ್ ಪ್ಯಾಡು, ಡಿಸ್ಕು, ಓಡಾಟದ ಬಸ್ ಚಾರ್ಜು ಇಷ್ಟೇ ಖರ್ಚು. ತಂತ್ರಾಂಶಕ್ಕೆ ಒಂದು ರೂಪಾಯಿಯೂ ಆಗಲಿಲ್ಲ.

ಅಂಟಿಸಲು ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶ. ಎಚ್‌ಸ್ಟ್ಯಾಕ್ ಎಂಬ ಫಿಲ್ಟರ್ ಎರಡನ್ನೂ ಪಕ್ಕಪಕ್ಕ ಇಡುತ್ತದೆ, ಎತ್ತರ ಸಮ ಇರಬೇಕು. ಬಣ್ಣದ ಮಾದರಿಯನ್ನು ವೈಯುವಿ420ಪಿ ಎಂದು ಸ್ಪಷ್ಟವಾಗಿ ಕೊಡಿ. ಕೊಡದೆ ಮಾಡಿದ ನನ್ನ ಮೊದಲ ವಿಡಿಯೊ ಮನೆಯಲ್ಲಿ ಓಡಿತು, ಕಾಲೇಜಿನ ಪ್ರೊಜೆಕ್ಟರಿನ ಕಂಪ್ಯೂಟರಿನಲ್ಲಿ ಕಪ್ಪು ಪರದೆ ಬಂತು. ಅದು ಪರಿಶೀಲನೆಗೆ ಮೂರು ದಿನ ಮೊದಲೇ ಗೊತ್ತಾದದ್ದು ಪುಣ್ಯ. ಮಾರ್ಗದರ್ಶಕರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ವಿಡಿಯೊ ಆಗಿ ಕಳಿಸಿದರೆ ಒತ್ತಿ ಹಿಂಡಿ ಅಕ್ಷದ ಅಂಕಿಗಳು ಓದಲಾಗದಂತೆ ಆಗುತ್ತವೆ.

ತಿದ್ದಿದ ಗ್ರಾಫಿನಲ್ಲಿ ಗೋಡೆ ಇಲ್ಲ. ಗೆರೆ 0.2ರಿಂದ 0.4 ನ್ಯಾನೋಮೀಟರಿನ ನಡುವೆಯೇ ಓಡಾಡುತ್ತದೆ. 71 ನ್ಯಾನೋಸೆಕೆಂಡಿನ ಹತ್ತಿರ ಮಾತ್ರ ಸಣ್ಣ ಉಬ್ಬು. ಮೊದಲಿದ್ದ ಗೋಡೆಯ ಮುಂದೆ ಅದು ಕಾಣುತ್ತಲೇ ಇರಲಿಲ್ಲ, ಏಳರವರೆಗೆ ಹೋಗುವ ಅಕ್ಷದಲ್ಲಿ ಅದಕ್ಕೆ ಜಾಗವೆಲ್ಲಿ? ಎಡಗಡೆ ನೋಡಿದರೆ ಸಕ್ಕರೆಯ ಹೊರತುದಿಯ ಉಂಗುರ ಸಡಿಲಾಗಿ ನೀರಿನ ಕಡೆ ವಾಲುತ್ತದೆ, ಟ್ರಿಪ್ಟೋಫ್ಯಾನ್ ಮಗ್ಗುಲು ತಿರುಗುತ್ತದೆ, ಸ್ವಲ್ಪ ಹೊತ್ತಿಗೆ ಎರಡೂ ಮರಳಿ ಕೂರುತ್ತವೆ.

ಶುಕ್ರವಾರ ಸಮಿತಿಯ ಮುಂದೆ ಮೊದಲ ಮಾತಾಗಿ, ಹಿಂದಿನ ವರದಿಯ 47ರ ವಾಕ್ಯ ತಪ್ಪು, ಅದನ್ನು ತೆಗೆದಿದ್ದೇನೆ ಎಂದು ಹೇಳಿದೆ. ಧ್ವನಿ ನಡುಗಿತು. ವಿಡಿಯೊ ಹಚ್ಚಿದೆ. ಅದೇ ಹಿರಿಯರು ಕೈ ಎತ್ತಿದರು. "ಎಪ್ಪತ್ತೊಂದಕ್ಕ ನಿಲ್ಲಸ್ರಿ." ನಿಲ್ಲಿಸಿದೆ. ಫ್ರೇಮ್ ಸಂಖ್ಯೆ ಎಡಗಡೆ 710, ಬಲಗಡೆ 710, ಎರಡೂ ಕಡೆ ಒಂದೇ ದೂರ. ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಹೋದರು.

"ಈ ಟ್ರಿಪ್ಟೋಫ್ಯಾನ್ ಮೊದಲ ತಿರಗ್ತೈತೋ, ಸಕ್ಕರಿ ಮೊದಲ ಸಡಲಾಗ್ತೈತೋ?"

ಒಂದೊಂದೇ ಫ್ರೇಮ್ ಹಿಂದಕ್ಕೆ ಹಾಕತೊಡಗಿದೆ.